ಕಡಿಮೆ ಊರು, ಹೆಚ್ಚು ಹೊತ್ತು

ಏಪ್ರಿಲ್ ಎರಡನೇ ವಾರ ಬಂತೆಂದರೆ ಶಾಲೆಗಳ ಬಾಗಿಲು ಮುಚ್ಚುತ್ತದೆ. ಬಸ್ ನಿಲ್ದಾಣಗಳು ತುಂಬುತ್ತವೆ. ದಾಂಡೇಲಿಯಿಂದ ಹಳಿಯಾಳಕ್ಕೆ, ಹಳಿಯಾಳದಿಂದ ಧಾರವಾಡಕ್ಕೆ, ಜೋಯಿಡಾದಿಂದ ಕಾರವಾರಕ್ಕೆ, ಮುಂಡಗೋಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸುಗಳಲ್ಲಿ ತಾಯಂದಿರು ಚೀಲ, ಬುತ್ತಿ, ನೀರಿನ ಬಾಟಲಿ ಹಿಡಿದು ಕೂತಿರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ತವರಿನ ದಾರಿ ಅಷ್ಟರಮಟ್ಟಿಗೆ ಹಗುರಾಗಿದೆ. ಆ ತಾಯಂದಿರ ತೊಡೆಯ ಮೇಲೆ ಇನ್ನೊಂದು ಜೀವ ಕೂತಿರುತ್ತದೆ. ವಯಸ್ಸು ಒಂದೂವರೆ, ಎರಡು, ಎರಡೂವರೆ. ಎಲ್ಲಿಗೆ ಹೋಗಬೇಕು, ಎಷ್ಟು ದಿನ ಇರಬೇಕು ಎಂದು ಮನೆಯವರು ಮಾತಾಡಿಕೊಳ್ಳುವಾಗ ಈ ಪುಟ್ಟ ಪ್ರಯಾಣಿಕರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಅವರಿಗೆ ಮಾತು ಸಾಲದು. ಈ ಹೊತ್ತಿನ ನನ್ನ ಮಾತು ಅವರ ಪರವಾಗಿ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಆಮೇಲೆ ಒಂದೊಂದಾಗಿ ಮುಂದಿಡುತ್ತೇನೆ. ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ಬೇಸಿಗೆಯಲ್ಲಿ ಬೇಕಾದದ್ದು ಕಡಿಮೆ ಊರು, ಹೆಚ್ಚು ಹೊತ್ತು. ಐದು ಮನೆಗಳಲ್ಲಿ ಒಂದೊಂದು ದಿನ ಕಳೆಯುವುದಕ್ಕಿಂತ ಒಂದು ಮನೆಯಲ್ಲಿ ಐದು ದಿನ ಕಳೆಯುವುದು ಮಗುವಿಗೆ ಒಳ್ಳೆಯದು. ಇದು ಮಗುವನ್ನು ಮನೆಯಲ್ಲೇ ಇರಿಸಿ ಎನ್ನುವ ವಾದವಲ್ಲ. ಕರೆದೊಯ್ಯಬೇಕು, ಖಂಡಿತ ಕರೆದೊಯ್ಯಬೇಕು. ಆದರೆ ಅಳೆಯುವ ಕೋಲು ಬದಲಾಗಬೇಕು. ಎಷ್ಟು ಜಾಗ ನೋಡಿದೆವು ಎಂಬುದು ದೊಡ್ಡವರ ಲೆಕ್ಕ. ಎಷ್ಟು ಜನ ತನ್ನವರಾದರು ಎಂಬುದು ಮಗುವಿನ ಲೆಕ್ಕ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಉತ್ತರ ಕನ್ನಡದ ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿ ಕಾಳಿ ನದಿ ಇದೆ, ಹುಲಿ ಸಂರಕ್ಷಿತ ಕಾಡಿದೆ, ಸಿಂಥೇರಿಯ ಬಂಡೆ ಇದೆ, ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿ ಇದೆ, ಅತ್ತಿವೇರಿಯ ಪಕ್ಷಿಧಾಮ ಇದೆ, ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಇದೆ. ನಾಡಿನ ನಾನಾ ಕಡೆಯಿಂದ ಜನ ನೋಡಲು ಬರುತ್ತಾರೆ. ನೋಡುವ ಜಾಗಗಳು ಇಷ್ಟು ಇರುವ ಕಡೆ, ಎಲ್ಲವನ್ನೂ ಮಗುವಿಗೆ ತೋರಿಸಿಬಿಡೋಣ ಎಂಬ ಆಸೆ ಸಹಜ. ಆ ಆಸೆ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಮಗುವಿಗೆ ಅದು ಹೇಗೆ ತಲುಪುತ್ತದೆ ಎಂಬುದನ್ನು ಒಮ್ಮೆ ಯೋಚಿಸಬೇಕು.

ಮೊದಲ ಕಾರಣ, ಮಗುವಿನ ಅಂಜಿಕೆ. ಎಂಟು ತಿಂಗಳ ಹೊತ್ತಿಗೆ ಮಗು ತನ್ನವರನ್ನೂ ಹೊರಗಿನವರನ್ನೂ ಬೇರೆಬೇರೆಯಾಗಿ ಗುರುತಿಸತೊಡಗುತ್ತದೆ. ಅಲ್ಲಿಂದಾಚೆ ಹೊಸ ಮುಖ ಕಂಡರೆ ತಾಯಿಯ ಸೆರಗಿಗೆ ಅಂಟಿಕೊಳ್ಳುತ್ತದೆ. ತಾಯಿ ಕಣ್ಣಿಂದ ಮರೆಯಾದರೆ ಅಳುತ್ತದೆ. ಒಂದು ವರ್ಷದ ಆಚೆ ಈಚೆ ಇದು ಬಲವಾಗಿರುತ್ತದೆ. ಮೂರು ವರ್ಷದ ಹೊತ್ತಿಗೆ ಮೆಲ್ಲಗೆ ತಗ್ಗುತ್ತದೆ. ಇದು ಹಟವಲ್ಲ, ಬೆಳವಣಿಗೆಯ ಗುರುತು. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಆಫ್ರಿಕಾದ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳ ಜೊತೆ ಕೂತು ತಿಂಗಳುಗಟ್ಟಲೆ ಗಮನಿಸಿದರು. ಅವರು ಕಂಡದ್ದು ಇಷ್ಟು. ಮಗು ತಾಯಿಯಿಂದ ಒಂದಿಷ್ಟು ದೂರ ಅಂಬೆಗಾಲಿಟ್ಟು ಹೋಗುತ್ತದೆ. ಏನನ್ನೋ ಮುಟ್ಟಿ ನೋಡುತ್ತದೆ. ಮತ್ತೆ ತಿರುಗಿ ತಾಯಿಯ ಬಳಿ ಬರುತ್ತದೆ. ಮತ್ತೆ ಹೋಗುತ್ತದೆ. ತಾಯಿ ಅಲ್ಲೇ ಇದ್ದಾಳೆ ಎಂಬ ಧೈರ್ಯವೇ ಹೊಸದನ್ನು ಹುಡುಕಲು ಮಗುವಿಗೆ ಬಂಡವಾಳ. ಈಗ ನಮ್ಮ ಬೇಸಿಗೆಯ ಮನೆಗೆ ಬನ್ನಿ. ಬಸ್ಸಿಳಿದು ಒಳಗೆ ಕಾಲಿಡುವಷ್ಟರಲ್ಲಿ ಸೋದರಮಾವ ಎತ್ತಿಕೊಳ್ಳುತ್ತಾನೆ. ಚಿಕ್ಕಮ್ಮ ಕೆನ್ನೆ ಹಿಂಡುತ್ತಾಳೆ. ಅಜ್ಜ ಮುತ್ತು ಕೊಡುತ್ತಾನೆ. ಮಗು ಕಿರುಚುತ್ತದೆ. ಮೊದಲ ದಿನ ಅಂಜಿಕೆಯಲ್ಲೇ ಕಳೆಯುತ್ತದೆ. ಎರಡನೇ ದಿನ ಬಾಗಿಲ ಮರೆಯಿಂದ ಇಣುಕುತ್ತದೆ. ಮೂರನೇ ದಿನ ಅಜ್ಜನ ಕೋಲು ಹಿಡಿದು ಎಳೆಯುತ್ತದೆ. ಆ ಮೂರನೇ ದಿನಕ್ಕಾಗಿಯೇ ಪ್ರಯಾಣ ಮಾಡಬೇಕು. ಎರಡನೇ ದಿನದ ಬೆಳಿಗ್ಗೆಯೇ ಮತ್ತೊಂದು ಊರಿಗೆ ಹೊರಟರೆ ಮಗು ಅಂಜಿಕೆಯನ್ನು ಮಾತ್ರ ಕಂಡಂತಾಯಿತು, ಅಕ್ಕರೆ ಸಿಗುವ ಮೊದಲೇ ಚೀಲ ಕಟ್ಟಿದಂತಾಯಿತು. ಹಿರಿಯರಲ್ಲಿ ಒಂದು ಬಿನ್ನಹ. ಮಗು ಬಂದ ಕೂಡಲೇ ಎತ್ತಿಕೊಳ್ಳಬೇಡಿ. ನೆಲದ ಮೇಲೆ ಕೂತುಕೊಳ್ಳಿ. ಅದು ತಾನಾಗಿ ಬರಲಿ.

ಮಗುವಿಗೆ ಪರಿಚಯವಾಗಲು ಹೊತ್ತು ಬೇಕು ಎಂಬಲ್ಲಿಗೆ ಬಂದೆವು. ಈಗ ಒಂದು ಆಕ್ಷೇಪ ಏಳುತ್ತದೆ. ಎರಡು ವರ್ಷದ ಮಗುವಿಗೆ ಏನು ನೆನಪಿರುತ್ತದೆ? ಇಷ್ಟೆಲ್ಲ ಯಾಕೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೊಡ್ಡವರನ್ನು ನಿಮ್ಮ ಮೊಟ್ಟಮೊದಲ ನೆನಪು ಯಾವುದು ಎಂದು ಕೇಳಿದರೆ ಬಹುತೇಕರು ಮೂರು, ಮೂರೂವರೆ ವರ್ಷದ ಒಂದು ಘಟನೆ ಹೇಳುತ್ತಾರೆ. ಅದರ ಹಿಂದಿನದು ಕತ್ತಲು. ಆದರೆ ದೊಡ್ಡವರಾದ ಮೇಲೆ ನೆನಪಿಲ್ಲ ಎಂದರೆ ಆಗ ನೆನಪಿರಲಿಲ್ಲ ಎಂದು ಅರ್ಥವಲ್ಲ. ಅಮೆರಿಕದ ಕೆರೊಲಿನ್ ರೋವಿ-ಕೋಲಿಯರ್ ಇದನ್ನು ಪರೀಕ್ಷಿಸಿ ನೋಡಿದರು. ಪುಟ್ಟ ಆಟಿಕೆ ರೈಲು. ಒಂದು ಸನ್ನೆಕೋಲನ್ನು ಒತ್ತಿದರೆ ರೈಲು ಓಡುತ್ತದೆ. ಮಗು ಅದನ್ನು ಕಲಿಯುತ್ತದೆ. ಆಮೇಲೆ ದಿನಗಳು ಕಳೆಯುತ್ತವೆ. ಆರು ತಿಂಗಳ ಮಗು ಸುಮಾರು 2 ವಾರ ಅದನ್ನು ನೆನಪಿಟ್ಟುಕೊಂಡಿತು. ಒಂದೂವರೆ ವರ್ಷದ ಮಗು ಸುಮಾರು 3 ತಿಂಗಳು ನೆನಪಿಟ್ಟುಕೊಂಡಿತು. ಮೂರು ತಿಂಗಳು ಎಂದರೆ ಯುಗಾದಿಗೆ ಕಂಡದ್ದು ಮಳೆಗಾಲದವರೆಗೆ. ಅವರ ಇನ್ನೊಂದು ಶೋಧ ನಮಗೆ ಇನ್ನೂ ಮುಖ್ಯ. ನೆನಪು ಮಸುಕಾಗುವ ಹೊತ್ತಿಗೆ ಚಿಕ್ಕದೊಂದು ಸುಳುಹು ಕೊಟ್ಟರೆ ಅದು ಮತ್ತೆ ಚಿಗುರುತ್ತದೆ. ಹಾಗೆಂದರೆ ಒಂದೇ ಮನೆಗೆ ಮತ್ತೆ ಹೋಗುವುದು, ಒಂದೇ ಮುಖವನ್ನು ಮತ್ತೆ ನೋಡುವುದು ಮಗುವಿನ ನೆನಪಿಗೆ ನೀರೆರೆದಂತೆ. ಹತ್ತು ಊರು ಒಮ್ಮೊಮ್ಮೆ ನೋಡಿದರೆ ಈ ನೀರು ಯಾವ ಬೇರಿಗೂ ಸಾಕಾಗುವುದಿಲ್ಲ.

ನೆನಪಿನ ಬಗ್ಗೆ ಇನ್ನೆರಡು ಸಾಕ್ಷ್ಯ ಹೇಳಿ ಮುಂದೆ ಹೋಗುತ್ತೇನೆ. ಆಂಡ್ರ್ಯೂ ಮೆಲ್ಟ್‌ಜಾಫ್ ಎಂಬ ವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಪ್ರಯೋಗ ಒಂದು. ಹದಿನಾಲ್ಕು ತಿಂಗಳ ಮಕ್ಕಳ ಮುಂದೆ ದೊಡ್ಡವರೊಬ್ಬರು ಬಾಗಿ, ಒಂದು ಪೆಟ್ಟಿಗೆಯನ್ನು ಹಣೆಯಿಂದ ಮುಟ್ಟಿ ದೀಪ ಹೊತ್ತಿಸಿದರು. ಕೈಯಿಂದಲ್ಲ, ಹಣೆಯಿಂದ. ಮಕ್ಕಳಿಗೆ ಆಗ ಮುಟ್ಟಲು ಕೊಡಲಿಲ್ಲ. ಒಂದು ವಾರ ಬಿಟ್ಟು ಪೆಟ್ಟಿಗೆ ಕೊಟ್ಟಾಗ ಮೂರರಲ್ಲಿ ಎರಡು ಪಾಲು ಮಕ್ಕಳು ತಾವೂ ಬಾಗಿ ಹಣೆ ಮುಟ್ಟಿಸಿದರು. ಮಾತು ಬಾರದ ಮಗು ದೊಡ್ಡವರು ಮಾಡುವುದನ್ನು ಸುಮ್ಮನೆ ನೋಡುತ್ತಾ ಎಷ್ಟು ಒಳಗೆ ಎಳೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಎರಡನೆಯದು ನ್ಯೂಜಿಲೆಂಡಿನ ಮಾವೋರಿ ಜನರದು. ಅವರ ಮೊದಲ ನೆನಪು ಸರಾಸರಿ ಎರಡೂವರೆ ವರ್ಷದ ಹತ್ತಿರಕ್ಕೇ ಹೋಗುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಾವೋರಿ ಮನೆಗಳಲ್ಲಿ ಹಿಂದಿನ ಸಂಗತಿಗಳಿಗೆ, ಪೂರ್ವಿಕರ ಕತೆಗಳಿಗೆ ದೊಡ್ಡ ಸ್ಥಾನವಿದೆ. ಮಕ್ಕಳ ಜೊತೆ ಆಗಿಹೋದದ್ದನ್ನು ಮತ್ತೆ ಮತ್ತೆ ಮಾತಾಡುವ ರೂಢಿ ಇದಕ್ಕೆ ಕಾರಣವಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ನೆನಪು ಎಂಬುದು ಮಗುವೊಂದೇ ಹೊರುವ ಗಂಟಲ್ಲ. ಮನೆಮಂದಿಯೆಲ್ಲ ಸೇರಿ ಹೊರುವುದು. ಪ್ರವಾಸದಲ್ಲಿ ಕಂಡ ಜಲಪಾತ ಮಗುವಿನ ಬಗ್ಗೆ ಮಾತಾಡುವುದಿಲ್ಲ. ಅಜ್ಜಿ ಮಾತಾಡುತ್ತಾಳೆ. ಮುಂದಿನ ವರ್ಷವೂ ಮಾತಾಡುತ್ತಾಳೆ.

ಇಲ್ಲಿಯವರೆಗೆ ಎರಡು ಮಾತು ಆಯಿತು. ಮಗುವಿಗೆ ಪರಿಚಯವಾಗಲು ಹೊತ್ತು ಬೇಕು. ಪರಿಚಯ ಉಳಿಯಲು ಮರುಭೇಟಿ ಬೇಕು. ಮೂರನೆಯದು ಭಾಷೆ. ನಮ್ಮ ಈ ಭಾಗದಲ್ಲಿ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಕೇಳುತ್ತವೆ. ಮುಂಡಗೋಡದಲ್ಲಿ ಟಿಬೆಟಿಯನ್ ಕೂಡ. ಒಂದು ಪದ ತೆಗೆದುಕೊಳ್ಳಿ. ಆಯಿ. ಹವ್ಯಕರ ಮನೆಯಲ್ಲಿ ಆಯಿ ಎಂದರೆ ತಾಯಿ. ಮರಾಠಿ ಮಾತಾಡುವ ಮನೆಯಲ್ಲೂ ತಾಯಿಯೇ. ಅಲ್ಲಿಂದ ಧಾರವಾಡದ ಕಡೆ ಹೊರಟರೆ ಅದೇ ಆಯಿ ಅಜ್ಜಿಯಾಗುತ್ತಾಳೆ. ಹೀಗೆ ಮಾತು ಬದಲಾಗುತ್ತಿದ್ದರೆ ಮಗುವಿಗೆ ಗೊಂದಲವಾಗುವುದಿಲ್ಲವೇ, ಮಾತು ತಡವಾಗುವುದಿಲ್ಲವೇ ಎಂದು ಎಷ್ಟೋ ತಾಯಂದಿರು ಕೇಳುತ್ತಾರೆ. ಎರಡು ಭಾಷೆ ಕೇಳಿಸಿಕೊಂಡ ಮಾತ್ರಕ್ಕೆ ಮಾತು ಕೆಡುವುದಿಲ್ಲ ಎಂಬುದು ಇಂದು ಭಾಷಾ ತಜ್ಞರ ಒಮ್ಮತದ ಮಾತು. ಮಗು ಪದವನ್ನು ಒಂಟಿಯಾಗಿ ಕಲಿಯುವುದಿಲ್ಲ. ಹೇಳಿದವರ ಮುಖದ ಜೊತೆ, ದನಿಯ ಜೊತೆ, ಕೈಯಲ್ಲಿದ್ದ ವಸ್ತುವಿನ ಜೊತೆ ಕಲಿಯುತ್ತದೆ. ಈ ಮುಖದ ಹತ್ತಿರ ಈ ಮಾತು, ಆ ಮುಖದ ಹತ್ತಿರ ಆ ಮಾತು ಎಂದು ತಾನೇ ಹಂಚಿಕೊಳ್ಳುತ್ತದೆ. ಆದರೆ ಇದಕ್ಕೆ ಒಂದು ಷರತ್ತಿದೆ. ಮುಖ ಎದುರಿಗಿರಬೇಕು. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಮಕ್ಕಳ ಎದುರು ಕೂತು ಒಬ್ಬರು ಚೀನೀ ಭಾಷೆಯಲ್ಲಿ ಮಾತಾಡಿದರು, ಆಡಿಸಿದರು. ಎಲ್ಲ ಸೇರಿ ಸುಮಾರು 5 ತಾಸು. ಆ ಮಕ್ಕಳು ಚೀನೀ ಭಾಷೆಯ ದನಿಗಳ ವ್ಯತ್ಯಾಸವನ್ನು ಗುರುತಿಸಿದರು. ಅದೇ ಮಾತನ್ನು, ಅಷ್ಟೇ ಹೊತ್ತು, ಟಿವಿಯಲ್ಲಿ ತೋರಿಸಿದ ಮಕ್ಕಳು ಏನನ್ನೂ ಕಲಿಯಲಿಲ್ಲ. ಬರೀ ದನಿ ಕೇಳಿಸಿದ ಮಕ್ಕಳೂ ಕಲಿಯಲಿಲ್ಲ. ಮೊಬೈಲಿನ ಪರದೆಯಲ್ಲಿ ಅಜ್ಜಿಯ ಮುಖ ಕಂಡರೆ ಸಂತೋಷವೇ. ಪರಿಚಯ ಬಾಡದಂತೆ ಅದು ಕಾಯುತ್ತದೆ. ಆದರೆ ಅಜ್ಜಿಯ ಮಾತು ಮಗುವಿನ ಬಾಯಿಗೆ ಬರಬೇಕಾದರೆ ಅಜ್ಜಿಯ ಮಡಿಲೇ ಬೇಕು.

ಹೊತ್ತು, ಮರುಭೇಟಿ, ಎದುರಿಗಿರುವ ಮುಖ. ಈ ಮೂರನ್ನು ನೆನಪಿಟ್ಟುಕೊಂಡು ಪ್ರವಾಸದ ಮಾತಿಗೆ ಬರೋಣ. ಹೊಸ ಜಾಗ ನೋಡಿದಷ್ಟೂ ಮಗು ಚುರುಕಾಗುತ್ತದಲ್ಲವೇ ಎಂಬುದು ಮುಂದಿನ ಆಕ್ಷೇಪ. ಹೊಸದು ಬೇಕು, ನಿಜ. ಆದರೆ ಎರಡು ವರ್ಷದ ಮಗುವಿನ ಹೊಸದು ಎಷ್ಟು ದೊಡ್ಡದು? ಕಾಡಿನ ಸಫಾರಿಯನ್ನೇ ನೋಡಿ. ನಸುಕಿನಲ್ಲಿ ಎಬ್ಬಿಸಬೇಕು. ತೆರೆದ ಜೀಪು. ಎರಡು ಮೂರು ತಾಸು ತೊಡೆ ಬಿಟ್ಟು ಇಳಿಯುವಂತಿಲ್ಲ. ದನಿ ಮಾಡುವಂತಿಲ್ಲ. ದೂರದಲ್ಲಿ ಕಾಡೆಮ್ಮೆ ನಿಂತಿದೆ ಎಂದು ದೊಡ್ಡವರು ಬೆರಳು ತೋರಿಸುತ್ತಾರೆ. ಮಗು ಬೆರಳನ್ನೇ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಒಂದೆರಡು ವರ್ಷದ ಮಗು ದಿನಕ್ಕೆ ಒಟ್ಟು 3 ತಾಸಾದರೂ ಓಡಾಡಿಕೊಂಡಿರಬೇಕು. ಒಂದೇ ಸಲಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಕಟ್ಟಿಹಾಕಿದಂತೆ ಕೂರಿಸಬಾರದು. ಹಗಲಿನದೂ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ಒಂದು ವರ್ಷದ ಮಗುವಿಗೆ ಪರದೆ ಬೇಡ. ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ತಾಸು ಮೀರದಿರಲಿ. ಈ ಅಳತೆಯಲ್ಲಿ ಸಫಾರಿ ಮಗುವಿಗೆ ಹೇಳಿಸಿದ್ದಲ್ಲ. ನದಿಯ ರಾಫ್ಟಿಂಗ್ ಅಂತೂ ಅಲ್ಲವೇ ಅಲ್ಲ. ಕಾಡು ದೊಡ್ಡ ಮಕ್ಕಳಿಗೆ ಕಾದಿರುತ್ತದೆ. ದಾಂಡೇಲಿಯ ಮಗುವಿಗೆ ಕಾಡು ತಾನಾಗಿಯೇ ಊರೊಳಗೆ ಬರುತ್ತದೆ. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಏದುಸಿರು ಬಿಟ್ಟಂತೆ ಕೇಳುತ್ತದೆ. ಹುಸ್, ಹುಸ್, ಹುಸ್. ಬೇಸಿಗೆ ಅದು ಮರಿ ಮಾಡುವ ಕಾಲ. ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕೂರುತ್ತದೆ. ಗಂಡು ಹಣ್ಣು ತಂದು ಸಣ್ಣ ಸೀಳಿನಿಂದ ಉಣಿಸುತ್ತದೆ. ಆ ಸದ್ದು ಕೇಳಿ ಮಗು ಕತ್ತೆತ್ತಿದರೆ, ಅದೇ ಅದರ ಸಫಾರಿ.

ಹಾಗಾದರೆ ಅಜ್ಜಿ ಮನೆಯಲ್ಲಿ ಐದು ದಿನ ಮಗು ಏನು ಮಾಡಬೇಕು? ಉತ್ತರ ಆ ಮನೆಯ ಬೇಸಿಗೆ ಕೆಲಸದಲ್ಲೇ ಇದೆ. ಮೆಲ್ಟ್‌ಜಾಫ್ ಅವರ ಪ್ರಯೋಗವನ್ನು ನೆನಪಿಸಿಕೊಳ್ಳಿ. ಮಗು ದೊಡ್ಡವರ ಕೈಯನ್ನು ನೋಡಿ ಕಲಿಯುತ್ತದೆ. ಹಳಿಯಾಳ, ಮುಂಡಗೋಡದ ಕಡೆ ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ ಮಾಡುತ್ತಾರೆ. ಜೋಯಿಡಾದ ಕಡೆ ಹಲಸಿನ ಹಪ್ಪಳ ಒಣಗುತ್ತದೆ. ಕಾಗೆ ಓಡಿಸುವ ಕೆಲಸ ಮಗುವಿಗೆ ಕೊಡಿ. ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಕೌದಿ ಹೊಲಿಯುತ್ತಾರೆ. ಒಮ್ಮೆ ಹತ್ತಿರ ಕೂತು ಗಮನಿಸಬೇಕಾದ ಕೆಲಸ ಅದು. ಹಳೆಯ ಸೀರೆ, ಲಂಗ, ಅಂಗಿಯ ತುಂಡುಗಳು ಸುತ್ತ ಹರಡಿರುತ್ತವೆ. ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ಒಂದು ತುಂಡಿನ ಪಕ್ಕ ಇನ್ನೊಂದು ತುಂಡಿಟ್ಟು ದೊಡ್ಡ ಹೊಲಿಗೆ ಹಾಕುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೂವು ಕೂರಿಸುತ್ತಾರೆ. ತೊಟ್ಟಿಲ ಮಗುವಿಗೆ ಚಿಕ್ಕ ಕೌದಿ, ದೊಡ್ಡವರಿಗೆ ದೊಡ್ಡದು. ಎರಡು ವರ್ಷದ ಮಗು ಪಕ್ಕದಲ್ಲಿ ಕೂತರೆ ತುಂಡು ಎತ್ತಿಕೊಡುತ್ತದೆ. ಒಂದು ನುಣುಪು, ಒಂದು ಒರಟು. ಅದು ಅಜ್ಜಿಯ ಸೀರೆ, ಇದು ಮಾವನ ಅಂಗಿ ಎಂದು ಹೆಸರು ಹೇಳುತ್ತಾ ಹೋಗಿ. ಸೂಜಿ, ಕತ್ತರಿ ಮಾತ್ರ ಮಗುವಿನ ಕೈಗೆಟುಕದಿರಲಿ. ಕೈಗೆ ಸ್ಪರ್ಶ, ಕಿವಿಗೆ ಮಾತು, ಮನಸ್ಸಿಗೆ ಮನೆಮಂದಿಯ ಹೆಸರು, ಎಲ್ಲವೂ ಒಂದೇ ಚಾಪೆಯ ಮೇಲೆ ಸಿಗುತ್ತವೆ. ಇದಕ್ಕೆ ಟಿಕೆಟ್ ಇಲ್ಲ, ಮುಂಗಡ ಬುಕಿಂಗ್ ಇಲ್ಲ.

ಜಾಗಕ್ಕಿಂತ ಜನ, ಓಟಕ್ಕಿಂತ ಹೊತ್ತು ಎಂದಾಯಿತು. ಆದರೆ ಬಿಸಿಲಿನಲ್ಲಿ ಮಗುವನ್ನು ಹೊರಗೆ ಒಯ್ಯುವುದೇ ತಪ್ಪಲ್ಲವೇ, ಕಾಯಿಲೆ ಬಂದರೆ ಏನು ಗತಿ ಎನ್ನುವವರಿದ್ದಾರೆ. ಅವರ ಕಾಳಜಿ ಸರಿಯಾದದ್ದು. ಆದರೆ ಆ ಕಾಳಜಿ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಊರೂರು ತಿರುಗಿದಷ್ಟೂ ನೀರು ಬದಲು, ಊಟ ಬದಲು, ನಿದ್ದೆ ಬದಲು. ಒಂದೇ ಕಡೆ ಉಳಿದರೆ ಕುದಿಸಿ ಆರಿಸಿದ ನೀರು, ಹೊತ್ತಿಗೆ ಗಂಜಿ, ಮಧ್ಯಾಹ್ನದ ನಿದ್ದೆ ಎಲ್ಲವೂ ಕೈಯಲ್ಲಿರುತ್ತವೆ. ಪ್ರಯಾಣ ಬೆಳಗಿನ ತಂಪಿನಲ್ಲಿ ಮುಗಿಯಲಿ. ಹೊರಡುವ ಮೊದಲು ತಾಯಿ ಕಾರ್ಡ್ ನೋಡಿ. ದಡಾರ ರುಬೆಲ್ಲಾ ಲಸಿಕೆಯ ಎರಡನೇ ಡೋಸು 16ರಿಂದ 24 ತಿಂಗಳ ನಡುವೆ ಬರುತ್ತದೆ. ಅದು ಬಾಕಿಯಿದ್ದರೆ ಹಾಕಿಸಿಯೇ ಹೊರಡಿ. ಕಾರ್ಡನ್ನು ಚೀಲದಲ್ಲಿಟ್ಟುಕೊಳ್ಳಿ. ವಾಂತಿ ಭೇದಿಯಾದರೆ ಕೊಡಲು ಒಆರ್‌ಎಸ್ ಪುಡಿ ಜೊತೆಗಿರಲಿ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಣ್ಣಿನ ಕಾಲ ಇದು. ನೇರಳೆಯ ಬೀಜ, ಹಲಸಿನ ಬೀಜ, ಇಡೀ ಶೇಂಗಾ ಕಾಳು ಎಳೆಯ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೀಜ ತೆಗೆದು, ಹಿಸುಕಿ ಕೊಡಿ. ಕಾಡಂಚಿನ ಮನೆಗಳಲ್ಲಿ ಉಣ್ಣಿಯ ಬಗ್ಗೆ ಎಚ್ಚರ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಉತ್ತರ ಕನ್ನಡದ ಕಾಡುಗಳಿಗೂ ಅದು ಹೊಸದಲ್ಲ. ಬೇಸಿಗೆಯೇ ಅದರ ಕಾಲ. ದರಗೆಲೆಯ ಮೇಲೆ ಮಗುವನ್ನು ಕೂರಿಸಬೇಡಿ. ಸಂಜೆ ಬಿಸಿನೀರು ಹಾಕುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ನೋಡಿ. ಇನ್ನು ಕಾಳಿಯ ದಡ. ದಾಂಡೇಲಿಯ ಬಳಿ ಮೊಸಳೆಗಳಿವೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ಎಳೆಯ ಮಗುವಿಗೆ ನೀರಾಟ ಬಚ್ಚಲ ಬೋಗುಣಿಯಲ್ಲೇ ಸಾಕು. ಅಲ್ಲೂ ಒಬ್ಬರು ಪಕ್ಕದಲ್ಲೇ ಇರಬೇಕು.

ಅಂಜಿಕೆ, ನೆನಪು, ಭಾಷೆ, ಪ್ರವಾಸ, ಆರೋಗ್ಯ, ಎಲ್ಲ ಕಡೆಯಿಂದ ನೋಡಿದರೂ ಉತ್ತರ ಒಂದೇ ಬಂತು. ಕಡಿಮೆ ಊರು, ಹೆಚ್ಚು ಹೊತ್ತು. ಈಗ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪಕ್ಕೆ ಬರುತ್ತೇನೆ. ಅಜ್ಜಿ ಮನೆಯೇ ಇಲ್ಲದವರು ಏನು ಮಾಡಬೇಕು? ನಮ್ಮ ನಾಲ್ಕು ತಾಲೂಕುಗಳಲ್ಲಿ ಇದು ಬರೀ ವಾದಕ್ಕಾಗಿ ಕೇಳುವ ಪ್ರಶ್ನೆಯಲ್ಲ. ಜೋಯಿಡಾ ತಾಲೂಕಿಗೆ ಒಂದು ಕಾಲದಲ್ಲಿ ಸೂಪಾ ಎಂದೇ ಹೆಸರು. ಕಾಳಿಗೆ ಅಡ್ಡವಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟೆ ಎದ್ದಿತು. 1987ರ ಹೊತ್ತಿಗೆ ಅದು ಪೂರ್ತಿಯಾಯಿತು. ಸೂಪಾ ಪೇಟೆ, ಸುತ್ತಲಿನ ಹಳ್ಳಿಗಳು ನೀರಿನಡಿ ಹೋದವು. ಜನ ರಾಮನಗರಕ್ಕೆ, ಇನ್ನಿತರ ಕಡೆಗಳಿಗೆ ಹೋಗಿ ಮತ್ತೆ ಒಲೆ ಹೂಡಿದರು. ಆ ಮನೆಗಳ ಮೊಮ್ಮಕ್ಕಳಿಗೆ ತೋರಿಸಲು ಹಳೆಯ ಅಂಗಳವಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾಯಿತು. ಅದರ ಕೆಲಸಕ್ಕೆಂದು ದೂರ ದೂರದಿಂದ ಜನ ಬಂದು ನೆಲೆಸಿದರು. ಅವರಲ್ಲಿ ಎಷ್ಟೋ ಮನೆಗಳ ಹುಟ್ಟೂರು ದಿನಗಟ್ಟಲೆ ಪ್ರಯಾಣದ ದೂರದಲ್ಲಿದೆ. ಮುಂಡಗೋಡದ ಟಿಬೆಟಿಯನ್ ನೆಲೆ 1966ರಲ್ಲಿ ಶುರುವಾದದ್ದು. 1959ರ ನಂತರ ನಾಡು ಬಿಟ್ಟು ಬಂದವರಿಗೆ ಸುಮಾರು 4,000 ಎಕರೆ ಜಾಗ ಸಿಕ್ಕಿತು. ಅಲ್ಲಿ ಇಂದು ಆಡುತ್ತಿರುವ ಮಗುವಿನ ಮುತ್ತಜ್ಜಿಯ ಊರು ಹಿಮಾಲಯದ ಆಚೆ ಇದೆ. ಅಲ್ಲಿಗೆ ಯಾವ ಬೇಸಿಗೆಯ ಬಸ್ಸೂ ಹೋಗುವುದಿಲ್ಲ.

ಇವರಿಗೆಲ್ಲ ಏನು ಹೇಳಬೇಕು? ಊರು ಎಂದರೆ ಜಾಗವೇ ಆಗಿದ್ದರೆ ಇವರ ಮಕ್ಕಳಿಗೆ ಬೇಸಿಗೆಯೇ ಇಲ್ಲ ಎನ್ನಬೇಕಾಗಿತ್ತು. ಆದರೆ ಎರಡು ವರ್ಷದ ಮಗುವಿಗೆ ಊರು ಎಂದರೆ ಜನ. ಸೂಪಾದ ಅಂಗಳ ನೀರಿನಡಿ ಇರಬಹುದು, ಆ ಅಂಗಳದಲ್ಲಿ ಕಲಿತ ಲಾಲಿಯ ದನಿ ರಾಮನಗರದ ಮನೆಯಲ್ಲಿದೆ. ಮುಂಡಗೋಡದ ಕ್ಯಾಂಪಿನಲ್ಲಿ ಅಜ್ಜಿಯನ್ನು ಮೋಲಾ ಎಂದು ಕರೆಯುವ ಮಗುವಿಗೆ ಆ ಕರೆಗೆ ತಿರುಗಿ ನೋಡುವ ಮುಖವೇ ಊರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೋದವರು ಬೇಸಿಗೆಯಲ್ಲಿ ಮನೆಯಲ್ಲಿರುತ್ತಾರೆ. ಅಲ್ಲಿ ಮಗು ಎಲ್ಲಿಗೂ ಹೋಗಬೇಕಿಲ್ಲ, ತಂದೆ ತಾಯಿಯ ಹೊತ್ತು ತಾನೇ ಮನೆಗೆ ಬಂದಿರುತ್ತದೆ. ಗೋವಾಕ್ಕೆ ದುಡಿಯಲು ಹೋಗುವ ಮನೆಗಳಲ್ಲೂ ಹಾಗೆಯೇ. ಹದಿನೈದು ದಿನ ಮರಳಿ ಬಂದವರು ಮಗುವನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಪೇಚಾಡಬೇಕಿಲ್ಲ. ಮಗುವಿನ ಜೊತೆ ಅಂಗಳದಲ್ಲಿ ಕೂತರೆ ಸಾಕು. ಹುಟ್ಟೂರು ದೂರವಿದ್ದವರಿಗೆ ಪಕ್ಕದ ಮನೆಯ ಹಿರಿಯರಿದ್ದಾರೆ. ದಿನಾ ಸಂಜೆ ಅದೇ ಕಟ್ಟೆಗೆ ಹೋದರೆ ಹದಿನೈದು ದಿನದಲ್ಲಿ ಅದು ಅಜ್ಜಿಯ ಕಟ್ಟೆಯಾಗುತ್ತದೆ. ಮಗು ರಕ್ತದ ಲೆಕ್ಕ ನೋಡುವುದಿಲ್ಲ. ದಿನವೂ ಸಿಗುವ ಮುಖ, ತನ್ನ ಹೆಸರು ಹಿಡಿದು ಕರೆಯುವ ದನಿ, ಇಷ್ಟನ್ನು ನೋಡುತ್ತದೆ.

ಇನ್ನೊಂದು ಮಾತು ಬಾಕಿಯಿದೆ. ಮಗುವಿನ ಹೊತ್ತು ಎಂದು ಹೇಳುತ್ತಾ ಹೆಂಗಸರ ಹೊತ್ತನ್ನು ಮರೆಯಬಾರದು. ಐದು ದಿನ ಉಳಿಯುವುದೆಂದರೆ ಐದು ದಿನದ ಅಡುಗೆ, ಪಾತ್ರೆ, ಬಟ್ಟೆ. ಮೊಮ್ಮಗು ಬಂತೆಂದು ಮಂಡಿನೋವಿನ ಅಜ್ಜಿ ಐದು ಗಂಟೆಗೆ ಎದ್ದು ಒಲೆ ಮುಂದೆ ನಿಂತರೆ ಮಗುವಿಗೆ ಸಿಗುವುದು ಅಜ್ಜಿಯ ಬೆನ್ನು ಮಾತ್ರ. ತವರಿಗೆ ಬಂದ ಮಗಳಿಗೂ ವಿಶ್ರಾಂತಿ ಬೇಕು. ಆದ್ದರಿಂದ ಗಂಡಸರಲ್ಲಿ ನನ್ನ ಮನವಿ. ಅಡುಗೆ ಸರಳವಾಗಲಿ. ನೀರು ತರುವುದು, ಮಗುವನ್ನು ಮೀಯಿಸುವುದು, ಉಣಿಸುವುದು ನಿಮ್ಮ ಪಾಲಿಗಿರಲಿ. ಮಂಗಟ್ಟೆ ಗಂಡುಹಕ್ಕಿ ಬೇಸಿಗೆಯುದ್ದಕ್ಕೂ ಹಣ್ಣು ಹೊತ್ತು ತರುತ್ತದೆ ಎಂದು ಆಗಲೇ ಹೇಳಿದೆ. ಮಗುವಿನ ಕಣ್ಣಿಗೆ ಅಪ್ಪನ ಕೈ, ಮಾವನ ಕೈ ಕೂಡ ಕೆಲಸ ಮಾಡುವ ಕೈಯಾಗಿ ಕಾಣಲಿ. ಅದೂ ಒಂದು ಕಲಿಕೆಯೇ. ಹೋಗುವ ಮೊದಲು ಅಜ್ಜಿಯನ್ನೂ ಕೇಳಿ. ಎಷ್ಟು ದಿನ ಆದೀತು, ಯಾವಾಗ ಬಂದರೆ ಅನುಕೂಲ ಎಂದು ಕೇಳಿ. ಅವಳು ಮೂರು ದಿನ ಎಂದರೆ ಮೂರೇ ದಿನ. ದಸರೆಗೆ ಇನ್ನೊಮ್ಮೆ ಹೋದರಾಯಿತು. ಮರುಭೇಟಿಯೇ ಮಗುವಿನ ನೆನಪಿಗೆ ನೀರು ಎಂಬುದನ್ನು ಮೊದಲೇ ಕೇಳಿದಿರಿ.

ಕೇಳುಗರೇ, ಕೊನೆಯ ಮಾತು. ಬೇಸಿಗೆ ಮುಗಿದು ಬಸ್ಸು ಹತ್ತುವಾಗ ಮಗುವಿನ ಕೈಯಲ್ಲಿ ಬೊಂಬೆ ಇಲ್ಲದಿದ್ದರೂ ನಡೆದೀತು. ಮನೆಗೆ ಮರಳಿದ ಮೇಲೆ ಪ್ರತಿ ರಾತ್ರಿ ಮಲಗಿಸುವಾಗ ಒಂದು ಪ್ರಶ್ನೆ ಕೇಳಿ. ಅಜ್ಜಿ ಮನೆಯಲ್ಲಿ ಯಾರಿದ್ದರು? ಕೇಳಿ ಸುಮ್ಮನಿರಿ. ಉತ್ತರ ತಕ್ಷಣ ಬರುವುದಿಲ್ಲ. ಮೊದಲ ದಿನ ಒಂದೇ ಪದ ಬಂದೀತು. ಅಜ್ಜ. ಇನ್ನೊಂದು ದಿನ ಎರಡು ಬಂದಾವು. ಕಾಗೆ ಹೋಯ್ತು. ನೀವು ಅದಕ್ಕೆ ಒಂದು ಪದ ಸೇರಿಸಿ. ಹೌದು, ಹಪ್ಪಳ ತಿನ್ನಲು ಬಂದ ಕಾಗೆ ಹೋಯ್ತು. ಜೂನ್ ಬರುತ್ತದೆ, ಕಾಳಿ ತುಂಬುತ್ತದೆ, ಜೋಯಿಡಾದ ಮಳೆ ಬಿಡದೆ ಸುರಿಯುತ್ತದೆ. ಆ ಮಳೆಯ ರಾತ್ರಿಗಳಲ್ಲೂ ಇದೇ ಪ್ರಶ್ನೆ ಕೇಳುತ್ತಿರಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಬಾಗಿಲ ಮುಂದೆ ನಿಂತಾಗ ಮಗು ಸೆರಗಿನ ಹಿಂದೆ ಅಡಗುವ ಹೊತ್ತು ಕಡಿಮೆಯಾಗಿರುತ್ತದೆ. ಅಷ್ಟು ಸಾಕು.